ಕಾಲು ಮುರಿದ ವರ್ಷದ ಚಿಲ್ಲಿ

ಅಮೆರಿಕದಲ್ಲಿ ಚಿಲ್ಲಿ ಅಂತ ಒಂದು ಅಡಿಗೆ ಇದೆ. ಕೈಮಾ, ಕಾಳು, ಈರುಳ್ಳಿ, ಟೊಮೇಟೊ, ಒಣಮೆಣಸಿನಕಾಯಿ ಎಲ್ಲ ಹಾಕಿ ಗಟ್ಟಿಯಾಗಿ ಬೇಯಿಸಿದ್ದು. ನಮ್ಮ ಮಂಡ್ಯದ ಕಡೆ ಅವರೆಕಾಳು ಕೈಮಾ ಸಾರು ಒಲೆ ಮೇಲಿಟ್ಟು ಮರೆತು, ನೀರೆಲ್ಲ ಇಂಗಿ ಹೋದರೆ ಹೆಂಗಿರುತ್ತೋ ಹಂಗೆ. ಅದನ್ನ ಬಟ್ಟಲಿಗೆ ಹಾಕಿ, ಮೇಲೆ ಹಸಿ ಈರುಳ್ಳಿ ಉದುರಿಸಿ, ಉಪ್ಪು ಬಿಸ್ಕತ್ತು ಮುರಿದು ಹಾಕಿ ಚಮಚದಲ್ಲಿ ತಿಂತಾರೆ. ನೋಡೋಕೆ ಏನೂ ಇಲ್ಲ. ಮದುವೆ ಮನೆಗೆ ಅಡಿಗೆ ಮಾಡಿದವಳು ನಾನು. ಅದನ್ನ ಮಾಡೋದು ಕಲಿಯೋಕೆ ಮಾತ್ರ ಮೂರು ವಾರ ಒದ್ದಾಡಿದೆ.

ಕಾರಿನ ಪೆಟ್ರೋಲ್‌ಗೆ ಕ್ಯೂ ನಿಲ್ಲೋ ಕಾಲ ಅದು. ಕಾರಿನ ನಂಬರು ಸರಿ ಸಂಖ್ಯೆ ಆದರೆ ಒಂದು ದಿನ, ಬೆಸ ಆದರೆ ಮಾರನೇ ದಿನ. ನಾವು ಸ್ಯಾನ್ ಡಿಯೇಗೋದ ಮೀರಾ ಮೆಸಾದಲ್ಲಿ ಇದ್ದೆವು. ಈಗ ಅಲ್ಲಿ ಕರಿಬೇವೂ ಸಿಗುತ್ತೆ, ರುಬ್ಬಿದ ದೋಸೆ ಹಿಟ್ಟೂ ಸಿಗುತ್ತೆ. ಆಗ ಇದ್ದಿದ್ದು ಹೊಸ ಮನೆಗಳು, ಗಿಡ ಇಲ್ಲದ ಅಂಗಳ, ತಲೆ ಮೇಲೆ ಕಿವಿ ಹರಿಯೋ ಹಂಗೆ ಹಾರೋ ನೇವಿ ವಿಮಾನ. ತೊಗರಿಬೇಳೆ ಬೇಕು ಅಂದರೆ ಎರಡು ತಿಂಗಳಿಗೊಂದು ಸಲ ಲಾಸ್ ಏಂಜಲೀಸ್‌ಗೆ ಡ್ರೈವ್ ಮಾಡಿಕೊಂಡು ಹೋಗಿ ಮೂಟೆ ಹೊತ್ತುಕೊಂಡು ಬರಬೇಕು. ಆದರೂ ಆ ಮನೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಂಗಿದೆ. ಅರಿಶಿನ ಬಣ್ಣದ ಸ್ಟವ್ವು, ಬೆಳಿಗ್ಗೆ ಹತ್ತು ಗಂಟೆವರೆಗೂ ಕಿಟಕಿಗೆ ಅಂಟಿಕೊಂಡಿರೋ ಮಂಜು, ಕಾಲಿಗೆ ತಣ್ಣಗೆ ತಗುಲೋ ಪ್ಲಾಸ್ಟಿಕ್ ನೆಲ. ಆಮೇಲೆ ಅದಕ್ಕಿಂತ ದೊಡ್ಡ ಮನೆಗಳಿಗೆ ಹೋದೆವು. ಅದು ಯಾವುದೂ ನನಗೆ ನೆನಪಾಗಲ್ಲ.

ನಮ್ಮೆಜಮಾನರು ಹಡಗು ರಿಪೇರಿ ಯಾರ್ಡಲ್ಲಿ ಫಿಟ್ಟರು. ಬೆಂಗಳೂರಿನ ಫ್ಯಾಕ್ಟ್ರಿಯಲ್ಲಿ ಕೆಲಸ ಕಲಿತು ಬಂದವರು. ನಮ್ಮ ಸುತ್ತಮುತ್ತ ಇದ್ದ ಕನ್ನಡದವರೆಲ್ಲ ಡಾಕ್ಟರು, ಪ್ರೊಫೆಸರು. ನಾವೇ ಕೈಗೆ ಗ್ರೀಸ್ ಅಂಟಿದ ಜನ. ನಮ್ಮೆಜಮಾನರದು ಮಾತು ಕಮ್ಮಿ. ಕಮ್ಮಿ ಅಂದರೆ, ಮನೆಗೆ ಬಂದರೆ ಊಟ ಆಯ್ತಾ, ಬಿಲ್ ಬಂತಾ, ಮಗು ಓದ್ತಾ, ದೀಪ ಆರಿಸು, ಅಷ್ಟೇ. ಹದಿನೈದು ವರ್ಷ ಸಂಸಾರ ಮಾಡಿದ್ದೆ, ಅದೇ ಅವರ ಸ್ವಭಾವ ಅಂದುಕೊಂಡಿದ್ದೆ.

ಒಂದು ದಿನ ಯಾರ್ಡಲ್ಲಿ ಹಡಗಿಗೆ ಕಟ್ಟಿದ್ದ ಸಾರುವೆ ಮೇಲಿಂದ ಬಿದ್ದರು. ಮೊಣಕಾಲ ಕೆಳಗಿನ ದೊಡ್ಡ ಮೂಳೆ ಎರಡು ತುಂಡು. ತೊಡೆಯಿಂದ ಕಾಲ್ಬೆರಳವರೆಗೆ ಸಿಮೆಂಟ್ ಕಟ್ಟು ಹಾಕಿ ಮನೆಗೆ ಕಳಿಸಿದರು. ಮಹಡಿ ಹತ್ತೋಕೆ ಆಗಲ್ಲ ಅಂತ ಹಾಲಲ್ಲೇ ಮಂಚ ಹಾಕಿದೆ. ಊರುಗೋಲು ಇತ್ತು. ಅದರಲ್ಲಿ ಬಚ್ಚಲಿಗೆ ಹೋಗಿ ಬರೋರು, ಮತ್ತೆ ಮಲಗೋರು, ಚಾವಣಿ ನೋಡೋರು.

ಊಟ ಬಿಟ್ಟರು. ನೋವಿಗೆ ಅಂದುಕೊಂಡೆ. ನೋವು ಹೋಯ್ತು, ಹಸಿವು ಬರಲಿಲ್ಲ. ಕೋಳಿ ಸಾರು ಮಾಡಿದೆ, ಎರಡು ತುತ್ತು. ಮೂಳೆಗೆ ಮೂಳೇನೇ ಒಳ್ಳೇದು ಅಂತ ಕುರಿ ಕಾಲು ಹುಡುಕಿ ತಂದು ಸೂಪು ಮಾಡಿದೆ, ವಾಸನೆ ನೋಡಿ ತಟ್ಟೆ ತಳ್ಳಿದರು. ನಾನು ಬೈದೆ. ಬೈದರೆ ತಿನ್ನೋ ಮಗುವೂ ಅಲ್ಲ ಅವರು. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ದಾರ ಕಟ್ಟಿಕೊಂಡರು.

ಆರನೇ ವಾರಕ್ಕೆ ಎಕ್ಸ್‌ರೇ ತೆಗೆದರು. ಬಿಳಿ ಡಾಕ್ಟರು ಅದನ್ನ ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸಿದರು. ಮಗಳು ಬಂದಿದ್ದಳು, ಆಗ ಅವಳಿಗೆ ಹದಿನಾಲ್ಕು. ಕನ್ನಡ ಎಲ್ಲ ಅರ್ಥ ಆಗುತ್ತೆ, ಬಾಯಿಂದ ಬರೋದು ಬರೀ ಇಂಗ್ಲಿಷು. ಆದರೆ ಡಾಕ್ಟರ ಮಾತನ್ನ ನನಗೆ ಹೇಳಬೇಕಲ್ಲ, ಒದ್ದಾಡಿಕೊಂಡು ಕನ್ನಡದಲ್ಲೇ ಹೇಳಿದಳು. ಬಿರುಕು ಹಂಗೇ ಇದೆ, ಮೂಳೆ ಕೂಡ್ತಾ ಇಲ್ಲ, ತೂಕ ಇಪ್ಪತ್ತು ಪೌಂಡ್ ಇಳಿದಿದೆ. ತಿನ್ನದೆ ಇದ್ದರೆ ಮೂಳೆ ಎಲ್ಲಿಂದ ಬರುತ್ತೆ? ಇನ್ನು ಆರು ವಾರ ನೋಡ್ತೀವಿ. ಇಲ್ಲ ಅಂದರೆ ಕಾಲು ಕೊಯ್ದು ಒಳಗೆ ಕಬ್ಬಿಣದ ಸರಳು ಹಾಕಬೇಕು.

ಸರಳು ಅಂದಿದ್ದೇ ಅವರ ಮುಖ ಬೂದಿ ಆಯ್ತು. ಬಿದ್ದಾಗ ಆಸ್ಪತ್ರೆಯಲ್ಲಿ ಪಕ್ಕದ ಮಂಚದವನಿಗೆ ಮೊದಲೇ ಹಾಕಿದ್ದ ಸರಳಿಗೆ ಕೀವು ಆಗಿ, ಕಾಲೇ ತೆಗೆದಿದ್ದನ್ನ ಕಣ್ಣಾರೆ ನೋಡಿದ್ದರು. ಮನೆಗೆ ಬಂದು ಮಲಗಿದ ಮೇಲೆ ಅಂದರು, "ಕೊಯ್ಯೋಕೆ ಬಿಡಬೇಡ ಕಣೇ."

"ನಾನು ಬಿಡದೇ ಇರೋಕೆ ನೀವು ತಿನ್ನಬೇಕಲ್ಲ."

"ತಿನ್ನೋಕೆ ಆಗ್ತಿಲ್ಲ. ಏನು ಮಾಡಲಿ?"

ಅದು ಸುಳ್ಳಲ್ಲ. ಗಂಟಲಲ್ಲಿ ಇಳೀತಿರಲಿಲ್ಲ. ನಾನು ಕಂಡಿದ್ದೀನಿ.

ಅದೇ ವಾರ ಯಾರ್ಡಿಂದ ಒಬ್ಬ ಮೆಕ್ಸಿಕೋದ ಮುದುಕ ನೋಡೋಕೆ ಬಂದ. ಇವರ ಜೊತೆ ಒಂದೇ ಬೆಂಚಲ್ಲಿ ಕೆಲಸ ಮಾಡೋನು. ದಪ್ಪ ಮೀಸೆ, ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತ. ಇನ್ನೊಂದು ಕೈಯಲ್ಲಿ ನನ್ನ ಸ್ಟೀಲ್ ಡಬ್ಬಿ, ನಾನು ದಿನಾ ಊಟ ಕಟ್ಟಿ ಕಳಿಸ್ತಿದ್ದಿದ್ದು. ಬಿದ್ದ ದಿನದಿಂದ ಕಳೆದುಹೋಗಿತ್ತು. ತೊಳೆದು ಫಳಫಳ ಮಾಡಿ ತಂದಿದ್ದ.

ನನಗೆ ಡಬ್ಬಿ ಕೊಟ್ಟು ಏನೋ ಹೇಳಿದ, ಕೈ ಮುಗಿದ. ನನಗೆ ಅರ್ಧ ಗೊತ್ತಾಯ್ತು, ಅರ್ಧ ಗೊತ್ತಾಗಲಿಲ್ಲ. ಮಗಳನ್ನ ಕೂಗಿದೆ.

ಅವಳು ನಕ್ಕಳು. "ಮಾಮ್, ಹಿ ಸೇಸ್ ಥ್ಯಾಂಕ್ಯೂ ಫಾರ್ ದ ಟೋರ್ಟಿಯಾಸ್."

"ಯಾವ ಟೋರ್ಟಿಯಾ?"

"ಯುವರ್ ಚಪಾತೀಸ್. ಹಿ ಏಟ್ ದೆಮ್. ಸಿಕ್ಸ್ ಇಯರ್ಸ್."

ಆರು ವರ್ಷ. ನಾನು ದಿನಾ ಐದಕ್ಕೆ ಎದ್ದು ಲಟ್ಟಿಸಿದ ಚಪಾತಿ, ಪಲ್ಯ, ಚಟ್ನಿ ಪುಡಿ, ಎಲ್ಲ ಈ ಮೀಸೆ ಮುದುಕನ ಹೊಟ್ಟೆಗೆ. ತಿರುಗಿ ನಮ್ಮೆಜಮಾನರ ಕಡೆ ನೋಡಿದೆ. ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವರ ಹಂಗೆ ಮಲಗಿದ್ದರು. ರೆಪ್ಪೆ ಅದುರ್ತಿತ್ತು.

ಮುದುಕನಿಗೆ ಕಾಫಿ ಕೊಟ್ಟೆ. ಅವನ ತಪ್ಪೇನು? ಉಂಡವನು, ಡಬ್ಬಿ ತೊಳೆದು ಕೊಟ್ಟಿದ್ದಾನೆ. ಅವನು ಹೋದ ಮೇಲೆ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ.

"ಎದ್ದೇಳಿ, ನಾಟಕ ಸಾಕು. ಮಧ್ಯಾಹ್ನ ಏನು ತಿಂತಿದ್ರಿ?"

ಕಣ್ಣು ಬಿಡಲಿಲ್ಲ. "ಚಿಲ್ಲಿ."

"ಎಲ್ಲಿ?"

"ಯಾರ್ಡ್ ಗೇಟ್ ಮುಂದೆ ಡೈನರ್ ಇದೆ. ಅಲ್ಲಿ."

"ಯಾಕೆ, ನನ್ನ ಅಡಿಗೆ ವಿಷ ಇತ್ತಾ?"

"ಹಂಗಲ್ಲ ಕಣೇ. ಶುರೂಲಿ ಒಂದು ದಿನ ಹೋದೆ. ಆಮೇಲೆ ಅಭ್ಯಾಸ ಆಗೋಯ್ತು. ನೀನು ಬೇಜಾರು ಮಾಡ್ಕೋತೀಯ ಅಂತ ಹೇಳಲಿಲ್ಲ."

"ಅದರಲ್ಲಿ ಯಾವ ಮಾಂಸ ಹಾಕ್ತಾರೆ?"

"ಕೈಮಾ."

"ಯಾವುದರ ಕೈಮಾ?"

ಈಗ ಕಣ್ಣು ಬಿಟ್ಟು ಚಾವಣಿ ನೋಡಿದರು. "ಕೇಳಲಿಲ್ಲ."

"ಆರು ವರ್ಷದಲ್ಲಿ ಒಂದು ದಿನಾನೂ ಕೇಳಲಿಲ್ವಾ?"

"ಕೇಳಿದ್ರೆ ಬಿಡಬೇಕಾಗ್ತಿತ್ತು."

ಎದ್ದು ಅಡಿಗೆಮನೆಗೆ ಹೋಗಿ ಪಾತ್ರೆ ಕುಕ್ಕಿದೆ. ಎಷ್ಟು ಕುಕ್ಕಿದೆ ಅಂದರೆ ಮಗಳು ರೂಮಿನ ಬಾಗಿಲು ಹಾಕಿಕೊಂಡಳು. ಆಮೇಲೆ ಸಿಂಕ್ ಹಿಡಿದು ನಿಂತಾಗ ಒಂದು ಹೊಳೀತು. ಈ ಆರು ವಾರದಲ್ಲಿ ಅವರು ಬಾಯಿ ಬಿಟ್ಟು ಒಂದು ತಿಂಡಿ ಹೆಸರು ಹೇಳಿದ್ದು ಇದೇ ಮೊದಲು. ವಾಪಸ್ ಹೋಗಿ ಕೇಳಿದೆ, "ಅದನ್ನ ಮಾಡಿದ್ರೆ ತಿಂತೀರಾ?"

"ನಿನಗೆ ಬರಲ್ಲ ಬಿಡು."

ನನಗೆ ಬರಲ್ಲವಂತೆ. ನೋಡೇ ಬಿಡೋಣ ಅಂತ ಮಾರನೇ ದಿನವೇ ಶುರು ಮಾಡಿದೆ.

ಒಂದು ಮಾತು ಮೊದಲೇ ಹೇಳಿದೆ. ನನ್ನ ಸ್ಟವ್ ಮೇಲೆ ಬೇಯೋದು ಕುರಿ ಕೈಮಾನೇ, ಬೇರೆ ಏನೂ ಈ ಮನೆ ಹೊಸ್ತಿಲು ದಾಟಲ್ಲ. ಅವರು ಹೂಂ ಅಂದರು. ಅಂಗಡಿಯಲ್ಲಿ ಪಿಂಟೋ ಅಂತ ಮಚ್ಚೆ ಮಚ್ಚೆ ಕಾಳು ಸಿಕ್ಕಿತು. ನೆನೆಸಿದೆ. ಕೈಮಾ ಜೊತೆ ಕಾಳು ಅಂದರೆ ನನಗೆ ಗೊತ್ತಿರೋದು ಒಂದೇ ದಾರಿ, ಹಿತುಕಿದ ಅವರೆ. ನೆನೆದ ಕಾಳನ್ನ ಒಂದೊಂದಾಗಿ ಹಿತುಕಿ ಸಿಪ್ಪೆ ತೆಗೆದು ಕೂತೆ. ಅವರೆ ಆದರೆ ಒತ್ತಿದ್ದೇ ಚಿಮ್ಮಿ ಆಚೆ ಬರುತ್ತೆ. ಇದು ಹಟಮಾರಿ. ಎರಡು ಪೌಂಡ್ ಕಾಳು, ಮಧ್ಯಾಹ್ನವೆಲ್ಲ ಹೋಯ್ತು, ಹೆಬ್ಬೆರಳು ಊದಿಕೊಂಡಿತು. ಮಸಾಲೆ ರುಬ್ಬಿದೆ, ಚಕ್ಕೆ, ಲವಂಗ, ಗಸಗಸೆ, ತೆಂಗಿನಕಾಯಿ. ಘಮ್ಮಂತಿತ್ತು. ಬಟ್ಟಲಿಗೆ ಹಾಕಿ ಕೊಟ್ಟೆ.

ಒಂದು ಚಮಚ ಬಾಯಿಗಿಟ್ಟರು. "ಕಾಳು ಎಲ್ಲಿ?"

"ಅದೇ ಕಾಳು. ಹಿತುಕಿದ್ದೀನಿ."

"ಚಿಲ್ಲಿ ಕಾಳು ಯಾರಾದ್ರೂ ಹಿತುಕ್ತಾರೇನೇ? ಸಿಪ್ಪೆ ಇರಬೇಕು, ಹಲ್ಲಿಗೆ ಸಿಗಬೇಕು. ಇದು ಬಾಣಂತಿಗೆ ಮಾಡೋ ಕೂಟು."

ನಾನು ಬಟ್ಟಲು ಕಿತ್ತುಕೊಂಡು ಹೋಗಿ ಅಡಿಗೆಮನೇಲಿ ನಿಂತೇ ಎಲ್ಲ ತಿಂದೆ. ಚೆನ್ನಾಗೇ ಇತ್ತು.

ಎರಡನೇ ಸಲ ಸಿಪ್ಪೆ ಬಿಟ್ಟೆ, ತೆಂಗಿನಕಾಯಿ ಬಿಟ್ಟೆ. ಮೂರು ಚಮಚ ತಿಂದು, "ಹತ್ತಿರ ಬಂತು, ಅದಲ್ಲ" ಅಂದರು. ಏನಲ್ಲ ಅಂದರೆ ಹೇಳೋಕೆ ಬರಲ್ಲ. ಗಂಡಸರಿಗೆ ತಿನ್ನೋಕೆ ಬರುತ್ತೆ, ಹೇಳೋಕೆ ಬರಲ್ಲ. ಡಾಕ್ಟರು ಕೊಟ್ಟ ಆರು ವಾರದಲ್ಲಿ ಎರಡು ಹೋಗಿತ್ತು. ಮೀಸೆ ಮುದುಕ ಮತ್ತೆ ಬಂದಾಗ ಅವನ ಕೈ ಹಿಡಿದು ಹೇಳಿದೆ, ನನ್ನನ್ನ ಆ ಡೈನರ್‌ಗೆ ಕರಕೊಂಡು ಹೋಗು. ಅಷ್ಟು ಇಂಗ್ಲಿಷ್ ನನಗೂ ಬರ್ತಿತ್ತು. ಅವನ ಪಿಕಪ್ ಟ್ರಕ್ಕಲ್ಲಿ ಸೀರೆ ಎತ್ತಿ ಹತ್ತಿದೆ. ಮಗಳೂ ಹತ್ತಿದಳು, ನಾಚಿಕೆಯಿಂದ ಮುಖ ಕೆಳಗೆ ಹಾಕಿಕೊಂಡು.

ಡೈನರ್ ಅಂದರೆ ನಮ್ಮ ಕಡೆ ಬಸ್‌ಸ್ಟ್ಯಾಂಡ್ ಹೋಟ್ಲು ಇದ್ದ ಹಂಗೆ. ಉದ್ದ ಕಟ್ಟೆ, ಮುಂದೆ ತಿರುಗೋ ಗುಂಡು ಸ್ಟೂಲು, ಗ್ರೀಸ್ ಬಟ್ಟೆಯ ಗಂಡಸರು. ಅಡಿಗೆ ಮಾಡೋಳು ನನ್ನ ವಯಸ್ಸಿನ ದಪ್ಪನೆ ಹೆಂಗಸು, ಕೆಂಪು ಕೂದಲು, ತೋಳಿನ ತುಂಬ ಎಣ್ಣೆ ಹಾರಿದ ಕಲೆ. ಆ ಕಲೆ ನೋಡಿ ನನಗೆ ಅವಳ ಮೇಲೆ ನಂಬಿಕೆ ಬಂತು. ನಾನು ಯಾರು ಅಂತ ಮುದುಕ ಹೇಳಿದ್ದೇ, ಅವಳು ಕಟ್ಟೆ ಸುತ್ತಿ ಬಂದು ನನ್ನ ಎರಡೂ ಕೈ ಹಿಡಿದಳು. ಗಡಗಡ ಮಾತಾಡಿದಳು. ಮಗಳು ಹೇಳ್ತಾ ಹೋದಳು.

ನಿನ್ನ ಗಂಡ ಇಲ್ಲದೆ ಈ ಮೂಲೆ ಸತ್ತು ಹೋಗಿದೆ, ಅಂತ ಅವಳ ಮಾತು. ಎಷ್ಟು ಮಾತಾಡ್ತಾನೆ! ಬೇಸ್‌ಬಾಲ್ ವಾದದಲ್ಲಿ ಅವನ ಹತ್ತಿರ ಯಾರೂ ಗೆಲ್ಲಲ್ಲ. ಅವನು ಹೇಳೋ ಜೋಕಿಗೆ ಒಂದು ದಿನ ಒಬ್ಬ ಸ್ಟೂಲಿಂದ ಬಿದ್ದಿದ್ದ.

"ಯಾರು?" ಅಂದೆ. "ನಮ್ಮನೆಯವರಾ? ಸರಿಯಾಗಿ ಕೇಳು, ಬೇರೆ ಯಾರೋ ಇರಬೇಕು."

"ಮಾಮ್, ಇಟ್ಸ್ ಡ್ಯಾಡ್," ಅಂದಳು ಮಗಳು. ಅವಳ ಮುಖವೂ ಪೆಚ್ಚಾಗಿತ್ತು.

ನಾನು ಅವರು ಕೂರ್ತಿದ್ದ ಸ್ಟೂಲ್ ನೋಡಿದೆ. ಚಪಾತಿ ಕೊಟ್ಟಿದ್ದಕ್ಕೆ ನನಗೆ ಅಷ್ಟು ಸಂಕಟ ಆಗಿರಲಿಲ್ಲ. ಹಾಲಲ್ಲಿ ಮಲಗಿ ಚಾವಣಿ ನೋಡೋ ಆ ಮನುಷ್ಯನಿಗೆ ಹಸಿವು ಎಲ್ಲಿ ಹೋಗಿದೆ ಅಂತ ಅಲ್ಲಿ ನನಗೆ ಗೊತ್ತಾಯ್ತು. ಅತ್ತು ಏನು ಪ್ರಯೋಜನ? ಬಂದ ಕೆಲಸ ನೋಡೋಣ ಅಂತ ಪಾತ್ರೆ ಹತ್ತಿರ ಹೋದೆ.

ಆ ಹೆಂಗಸು ಒಂದು ಬಟ್ಟಲು ಹಾಕಿ ಕೊಟ್ಟಳು. ಯಾವ ಮಾಂಸ ಅಂತ ಕೇಳಿದೆ, ನಾನು ಕೇಳೋಳು. ಅವಳು ಹೇಳಿದಳು. ತಿನ್ನಲ್ಲ ಅಂದೆ, ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಮೂಗು ಹತ್ತಿರ ತಂದು ವಾಸನೆ ನೋಡಿದೆ. ಜೀರಿಗೆ ಗೊತ್ತಾಯ್ತು, ಬೆಳ್ಳುಳ್ಳಿ ಗೊತ್ತಾಯ್ತು. ಇನ್ನೊಂದು ವಾಸನೆ ಇತ್ತು, ದೊಡ್ಡಪತ್ರೆ ಒಣಗಿಸಿ ಪುಡಿ ಮಾಡಿದ ಹಂಗೆ. ಡಬ್ಬಿ ತೋರಿಸಿದಳು, ಒರೆಗಾನೋ ಅಂತ ಸೊಪ್ಪು. ಮೆಣಸಿನಕಾಯಿ ನಮ್ಮ ಬ್ಯಾಡಗಿ ಥರ, ಬಣ್ಣ ಜಾಸ್ತಿ, ಖಾರ ಕಮ್ಮಿ. ಕೊನೆಗೆ ಗಟ್ಟಿ ಬರೋಕೆ ಮೆಕ್ಕೆಜೋಳದ ಹಿಟ್ಟು ಕದಡಿ ಹುಯ್ಯೋದು. ಇದೆಲ್ಲ ಏನು ಮಹಾ? ಇನ್ನೇನು ಹಾಕ್ತೀಯ ಅಂತ ಕೇಳಿದೆ.

ಅವಳು ನಕ್ಕು ಮಗಳ ಕಿವಿಯಲ್ಲಿ ಏನೋ ಹೇಳಿದಳು.

"ಶಿ ಸೇಸ್, ಯೆಸ್ಟರ್ಡೇ," ಅಂದಳು ಮಗಳು. ನಿನ್ನೆ ಮಿಕ್ಕ ಹ್ಯಾಂಬರ್ಗರ್ ಬಿಲ್ಲೆ ಪುಡಿ ಮಾಡಿ ಹಾಕ್ತಾಳೆ. ಕಾಳೂ ನಿನ್ನೆಯದೇ. ಎಲ್ಲ ಸೇರಿಸಿ ಕುದಿಸಿ ರಾತ್ರಿಯೆಲ್ಲ ಇಟ್ಟು ಮಾರನೇ ದಿನ ಕೊಡೋದು. ಆವತ್ತಿಂದು ಆವತ್ತೇ ಕೊಟ್ಟರೆ ಜನ ಬಟ್ಟಲು ವಾಪಸ್ ಮಾಡ್ತಾರೆ.

ನಾನು ಅಲ್ಲೇ ನಿಂತುಬಿಟ್ಟೆ. ತಂಗಳು!

ನಮ್ಮಮ್ಮ ನನಗೆ ಕಲಿಸಿದ್ದು, ಗಂಡನಿಗೆ, ಅದರಲ್ಲೂ ಕಾಯಿಲೆಯವರಿಗೆ, ಕುದಿಯೋದನ್ನ ಇಳಿಸಿ ಬಡಿಸಬೇಕು. ಮಿಕ್ಕಿದ್ದು ಹೆಂಗಸರಿಗೆ. ಹದಿನೈದು ವರ್ಷದಲ್ಲಿ ಒಂದು ದಿನವೂ ಅವರ ತಟ್ಟೆಗೆ ನಿನ್ನೆ ಸಾರು ಹಾಕಿದವಳಲ್ಲ ನಾನು. ನಿನ್ನೆ ಸಾರು ಕುಡಿದವಳು ನಾನು. ಬಸ್ಸಾರು ಆಗಲಿ, ಕೈಮಾ ಸಾರು ಆಗಲಿ, ಮಾರನೇ ದಿನ ಬಿಸಿ ಮಾಡಿದರೆ ಅದರ ರುಚಿಯೇ ಬೇರೆ. ಅಡಿಗೆಮನೇಲಿ ಒಬ್ಬಳೇ ಕೂತು ಬೆರಳು ನೆಕ್ಕಿಕೊಂಡು ತಿಂದಿದ್ದೀನಿ. ಒಳ್ಳೇದನ್ನ ನಾನು ಇಟ್ಟುಕೊಂಡು, ಹೊಸದು ಹೊಸದು ಅಂತ ಅವರಿಗೆ ಬರೀ ಬಿಸಿ ಬಡಿಸ್ತಾ ಬಂದಿದ್ದೆ.

ಮನೆಗೆ ಬಂದು ಎರಡು ದಿನ ಯೋಚನೆ ಮಾಡಿದೆ. ಮೂಳೆ ಕೂಡದೆ ಮಲಗಿರೋ ಮನುಷ್ಯನಿಗೆ ತಂಗಳು ಹಾಕೋದಾ? ಏನಾದರೂ ಆದರೆ ಊರಲ್ಲಿ ಅತ್ತೆ ನನ್ನನ್ನ ಬಿಡ್ತಾರಾ? ಕೊನೆಗೆ ಮಂಗಳವಾರ ಬೆಳಿಗ್ಗೆ ಶುರು ಮಾಡಿದೆ. ಶುಕ್ರವಾರ ಮಾಡಿದರೆ ಶನಿವಾರ ತಿನ್ನಬೇಕಾಗುತ್ತೆ, ಶನಿವಾರ ನಾವು ಬಾಡು ಮುಟ್ಟಲ್ಲ. ಕೈಮಾನ ವಡೆ ಥರ ತಟ್ಟಿ, ಬಾಣಲೆಯಲ್ಲಿ ಎರಡು ಕಡೆ ಕಪ್ಪಾಗೋ ತನಕ ಹುರಿದು, ಮುರಿದು ಹಾಕಿದೆ. ಕಾಳು ಪೂರ್ತಿ ಬೆಂದ ಮೇಲೆ ಟೊಮೇಟೊ. ಹುಳಿ ಮೊದಲೇ ಬಿದ್ದರೆ ಯಾವ ದೇಶದ ಕಾಳೂ ಬೇಯಲ್ಲ. ಒಣ ಸೊಪ್ಪು, ಜೀರಿಗೆ, ಮೆಣಸಿನಕಾಯಿ ರುಬ್ಬಿದ್ದು. ಸಾಯಂಕಾಲಕ್ಕೆ ಮನೆಯೆಲ್ಲ ಅದೇ ವಾಸನೆ.

ಹಾಲಿಂದ ಕೂಗಿದರು, "ಏನೇ ಅದು?"

"ಏನಿಲ್ಲ."

"ಚಿಲ್ಲಿ ಅಲ್ವಾ? ಒಂಚೂರು ತಾ."

ಆರು ವಾರ ಅಲ್ಲ, ಒಂಬತ್ತು ವಾರದಲ್ಲಿ ಮೊದಲನೇ ಸಲ ಅವರಾಗೇ ಊಟ ಕೇಳಿದ್ದು. ಕೈ ಬಟ್ಟಲಿಗೆ ಹೋಯ್ತು. ವಾಪಸ್ ಇಟ್ಟೆ.

"ಇವತ್ತು ಕೊಡಲ್ಲ. ನಾಳೆ."

"ಹಸಿದವನಿಗೆ ನಾಳೆ ಅಂತೀಯಲ್ಲ, ನೀನು ಮನುಷ್ಯಳಾ?"

"ಮನುಷ್ಯಳೇ. ಅನ್ನ ಸಾರು ಇದೆ, ಬೇಕಾದ್ರೆ ತಿನ್ನಿ."

ಸಿಟ್ಟಲ್ಲಿ ಅನ್ನ ಸಾರು ತಿಂದರು. ಅದೂ ಎರಡು ಸಲ ಹಾಕಿಸಿಕೊಂಡರು.

ಬುಧವಾರ ಮಧ್ಯಾಹ್ನ ಬಿಸಿ ಮಾಡಿ ಕೊಟ್ಟೆ. ಅಡಿಗೆಮನೆಗೆ ಬಂದು ಕಿವಿಗೊಟ್ಟು ನಿಂತೆ. ಬಟ್ಟಲ ತಳ ಗೀಚಿದ ಸದ್ದು ಕೇಳಿಸ್ತು. "ಇನ್ನೊಂಚೂರು" ಅಂದರು. ಆಮೇಲೆ ಅಂದರು, "ಅಲ್ಲಿಗೆ ಹೋಗಿದ್ಯಾ?"

"ಹೋಗಿದ್ದೆ. ನೀವು ಭಾರಿ ಮಾತುಗಾರರಂತೆ. ಬೇಸ್‌ಬಾಲ್ ಅಂತೆ. ಜೋಕಂತೆ."

ತಲೆ ತಗ್ಗಿಸಿ ಬಿಸ್ಕತ್ತು ಮುರಿದರು. "ನಿನಗೆ ಬೇಸ್‌ಬಾಲ್ ಏನು ಗೊತ್ತು, ಹೇಳೋಕೆ?"

"ಹೇಳಿದ್ರೆ ಗೊತ್ತಾಗುತ್ತೆ. ನಾನೇನು ಕತ್ತೆನಾ?"

ಅವತ್ತು ಹೇಳಿದರು. ಕೋಲಿನವನು, ಚೆಂಡೆಸೆಯೋನು, ಓಡೋನು, ಕಳ್ಳತನದಲ್ಲಿ ಓಡೋನು. ನನಗೆ ಅರ್ಧ ತಲೆಗೆ ಹೋಗಲಿಲ್ಲ. ಗಂಟೆಗಟ್ಟಲೆ ಹೇಳಿದರು, ಕೈಯಲ್ಲಿ ಚಮಚ ಬೀಸಿಕೊಂಡು. ಮಗಳು ಸ್ಕೂಲಿಂದ ಬಂದು ಬಾಗಿಲಲ್ಲೇ ಬ್ಯಾಗ್ ಇಳಿಸದೆ ನಿಂತು ಕೇಳಿದಳು. ಆಮೇಲೆ ಅವಳೂ ಬಾಯಿ ಹಾಕಿದಳು, ಅವಳಿಗೂ ಆ ಆಟ ಗೊತ್ತಿತ್ತಂತೆ. ನನಗೆ ಹೇಳಿದವರು ಯಾರು?

ವಾರಕ್ಕೆ ಎರಡು ಸಲ ಮಾಡಿದೆ. ಮೀಸೆ ಮುದುಕನೂ ಭಾನುವಾರ ಬರೋಕೆ ಶುರು ಮಾಡಿದ. ಅವನಿಗೆ ಚಪಾತಿ, ಇವರಿಗೆ ಚಿಲ್ಲಿ, ಇಬ್ಬರ ಗಲಾಟೆಗೆ ವಿಮಾನದ ಸದ್ದೇ ಕೇಳಿಸ್ತಿರಲಿಲ್ಲ. ನಮ್ಮೆಜಮಾನರು ತೀರಿಹೋಗಿ ಈಗ ಹನ್ನೊಂದು ವರ್ಷ ಆಯ್ತು. ಜೀವಮಾನದಲ್ಲಿ ಯಾವ ಕಾಲ ಚೆನ್ನಾಗಿತ್ತು ಅಂತ ಯಾರಾದರೂ ಕೇಳಿದರೆ ನನಗೆ ನೆನಪಾಗೋದು ಅವರ ಕಾಲು ಮುರಿದಿದ್ದ ಆ ಒಂದು ತಿಂಗಳು. ಹೇಳಿದರೆ ಜನ ನಗ್ತಾರೆ.

ಎಕ್ಸ್‌ರೇ ದಿನ ಬಂತು. ಡಾಕ್ಟರು ಬೆಳಕಿಗೆ ಹಿಡಿದರು. ಬಿರುಕಿನ ಸುತ್ತ ಬೆಳ್ಳಗೆ ಮೋಡ ಕಟ್ಟಿದ ಹಂಗೆ ಕಂಡಿತು. ತೂಕ ಹದಿಮೂರು ಪೌಂಡ್ ಏರಿತ್ತು. ಮಗಳು ನನಗೆ ಹೇಳೋದೇ ಬೇಕಾಗಲಿಲ್ಲ. ಡಾಕ್ಟರು ಎಕ್ಸ್‌ರೇ ಕೆಳಗಿಟ್ಟು ಇವರ ಕೈ ಕುಲುಕಿದರು. ಕೊಯ್ಯೋದು ಇಲ್ಲ. ಇನ್ನೊಂದು ತಿಂಗಳಿಗೆ ಕಟ್ಟು ಬಿಚ್ಚಿದರು. ಒಳಗಿಂದ ಬಂದ ಕಾಲು ನುಗ್ಗೆಕಾಯಿ ಥರ ಇತ್ತು, ಇನ್ನೊಂದಕ್ಕಿಂತ ಅರ್ಧ ಇಂಚು ಗಿಡ್ಡ. ಬೂಟಿನ ಅಡಿ ರಬ್ಬರ್ ತುಂಡು ಅಂಟಿಸಿಕೊಂಡು ಅದರಲ್ಲೇ ಕೊನೆತನಕ ನಡೆದರು.

ಕಟ್ಟು ಬಿಚ್ಚಿದ ದಿನ ಸಾಯಂಕಾಲ ನಾನು ಮಾರನೇ ದಿನಕ್ಕೆ ಚಿಲ್ಲಿ ಇಟ್ಟಿದ್ದೆ. ಊರುಗೋಲು ಟಕ್ ಟಕ್ ಅಂತ ಅಡಿಗೆಮನೆಗೆ ಬಂತು. ಹದಿನೈದು ವರ್ಷದಲ್ಲಿ ಅವರು ಸ್ಟವ್ ಹತ್ತಿರ ಬಂದವರಲ್ಲ.

"ಸುಮ್ನೆ ಕಲಕ್ತಾನೇ ಇರ್ತೀಯಲ್ಲ. ಕಾಳೆಲ್ಲ ಒಡೆದು ಹೋಗುತ್ತೆ. ಡೈನರ್‌ನವಳು ಹಂಗೆ ಕಲಕಲ್ಲ."

"ನಿಮಗೆ ಭಾರಿ ಗೊತ್ತು."

"ಆರು ವರ್ಷ ಎದುರಿಗೆ ಕೂತು ನೋಡಿದ್ದೀನಿ. ಸೌಟು ಕೊಡು."

ಸೌಟು ಹಿಡಿಯೋಕೆ ಎರಡು ಊರುಗೋಲನ್ನೂ ಗೋಡೆಗೆ ಒರಗಿಸಿದರು. ನಾನು ಅವರ ಕಾಲು ನೋಡ್ತಾ ಇದ್ದೆ, ನಡುಗುತ್ತಾ, ಬೀಳ್ತಾರಾ ಅಂತ. ನಡುಗ್ತಿತ್ತು. ಬೀಳಲಿಲ್ಲ.

"ಆ ಕಡೆ ಸರಿಯೇ, ಜಾಗ ಬಿಡು," ಅಂದರು.

ಸರಿದೆ.